ಗಂಡನ ಎಚ್‌ಐವಿ ಪರೀಕ್ಷೆಗೆ ಕಿಟ್ಟನ್ನು ಹೆಂಡತಿ ಕೈಲಿ ಕಳಿಸಬಹುದಾ?

ಪೀಣ್ಯ_ತಪಾಸಣೆ: ತಾಯಿ ಕಾರ್ಡ್ ಮಾಡಿಸುವಾಗಲೇ ಗರ್ಭಿಣಿಯರಿಗೆ ಎಚ್‌ಐವಿ, ಸಿಫಿಲಿಸ್ ಎರಡೂ ನೋಡ್ತೀವಿ. ಗಂಡಂದಿರು ಬರಲ್ಲ. ಒಬ್ಬರಿಗೆ ಶಿಫ್ಟು, ಇನ್ನೊಬ್ಬರಿಗೆ ಕ್ಯಾಬ್ ಡ್ಯೂಟಿ. ಒಸಡು ಒರೆಸಿ ನೋಡುವ ಕಿಟ್ ಮನೆಗೆ ಕಳಿಸಿದರೆ ಹೇಗೆ? ಎಲ್ಲಿ ಎಡವುತ್ತಾರೆ?

ಲ್ಯಾಬ್‌ಕಡೆ: ಕಳಿಸಬಹುದು, ಆದರೆ ಒಂದು ಡಮ್ಮಿ ಕಿಟ್ ಹಿಡಿದು ಆಕೆಗೆ ಮಾಡಿ ತೋರಿಸಿ. ಚೀಟಿ ಯಾರೂ ಓದಲ್ಲ. ಒರಾಕ್ವಿಕ್ ಥರದ ಕಿಟ್ಟಾದರೆ ಪರೀಕ್ಷೆಗೆ ಮೊದಲು 15 ನಿಮಿಷ ಊಟ, ಟೀ ಬೇಡ; ಹಲ್ಲುಜ್ಜಿದ್ದರೆ, ಮೌತ್‌ವಾಶ್ ಹಾಕಿದ್ದರೆ 30 ನಿಮಿಷ ಬಿಡಬೇಕು. ಮೇಲಿನ ಒಸಡಿಗೆ ಒಂದು ಸಲ, ಕೆಳಗಿನದಕ್ಕೆ ಒಂದು ಸಲ ಎಳೆದರೆ ಸಾಕು. ಎಂಜಲು, ನಾಲಿಗೆ, ಕೆನ್ನೆ ಒರೆಸಿದರೆ ಪ್ರಯೋಜನವಿಲ್ಲ. ಕಡ್ಡಿಯನ್ನು ಟ್ಯೂಬಿನಲ್ಲಿಟ್ಟು 20 ನಿಮಿಷದ ಮೇಲೆ, 40 ನಿಮಿಷದೊಳಗೆ ಓದಬೇಕು. ರಾತ್ರಿ ಮಾಡಿಟ್ಟು ಬೆಳಗ್ಗೆ ನೋಡಿದ್ದು ಲೆಕ್ಕಕ್ಕಿಲ್ಲ. ಕಿಟ್ 30 ಡಿಗ್ರಿ ದಾಟಬಾರದು, ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ.

ಕಳೆದ 3 ತಿಂಗಳಲ್ಲಿ ಸೋಂಕು ತಗಲಿದ್ದರೆ ನೆಗೆಟಿವ್ ಬಂದರೂ ನಂಬುವಂತಿಲ್ಲ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ನುಂಗುತ್ತಿರುವವರಿಗಂತೂ ಈ ಕಿಟ್ ಬೇಡವೇ ಬೇಡ.

ಆಪ್ತಸಮಾಲೋಚಕಿ: ಅದಕ್ಕೂ ಮುಂಚೆ ಒಂದು ಮಾತು. ಕಿಟ್ ಕೊಡುವ ಮೊದಲು ಆಕೆಯನ್ನು ಒಂಟಿಯಾಗಿ ಕೂರಿಸಿ ಕೇಳಿ: 'ಇದನ್ನು ತೆಗೆದುಕೊಂಡು ಹೋದರೆ ಮನೇಲಿ ಏನಾಗುತ್ತೆ?' ಅತ್ತೆ ಪಕ್ಕದಲ್ಲಿದ್ದರೆ ಉತ್ತರ ಬರಲ್ಲ. ಹೊಡೆತದ ಭಯವಿದ್ದರೆ ಕಿಟ್ ಕೊಡಲೇಬೇಡಿ, ಬೇರೆ ದಾರಿ ಹುಡುಕೋಣ. 'ನಿಮ್ಮ ಮೇಲೆ ಅನುಮಾನ' ಅನ್ನುವ ವಾಸನೆ ಬರಬಾರದು. 'ಮಗುವಿಗೋಸ್ಕರ ಇಬ್ಬರಿಗೂ ಮಾಡ್ತಾರಂತೆ' ಅನ್ನಲಿ. ಗಂಡ ನಿದ್ದೆಯಲ್ಲಿದ್ದಾಗ ಒಸಡು ಒರೆಸಿಕೊಂಡು ಬಾ ಅನ್ನುವವರೂ ಇದ್ದಾರೆ! 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ.

ಪೀಣ್ಯ_ತಪಾಸಣೆ: ಸಿಫಿಲಿಸ್‌ಗೂ ಇದೇ ಕಿಟ್ ಆಗುತ್ತಾ ಮೇಡಂ?

ಲ್ಯಾಬ್‌ಕಡೆ: ಇಲ್ಲ, ಅದಕ್ಕೆ ರಕ್ತವೇ ಬೇಕು. ಹೆಂಡತಿಗೆ ಸಿಫಿಲಿಸ್ ಬಂದಿದ್ದರೆ ಗಂಡನನ್ನು ಕರೆಸಲೇಬೇಕು. 90 ದಿನದೊಳಗೆ ಸಂಪರ್ಕವಿದ್ದರೆ ನೆಗೆಟಿವ್ ಬಂದರೂ ಬೆಂಜಥೀನ್ ಪೆನ್ಸಿಲಿನ್ 24 ಲಕ್ಷ ಯೂನಿಟ್ ಕೊಡುವುದು ರೂಢಿ. ಅವನಿಗೆ ಚಿಕಿತ್ಸೆ ಕೊಡದೆ ಬಿಟ್ಟರೆ ಆಕೆಗೆ ಮತ್ತೆ ತಗಲುತ್ತದೆ, ಅಷ್ಟೇ ಕಥೆ.

ಪೀಣ್ಯ_ತಪಾಸಣೆ: ಕಿಟ್‌ನಲ್ಲಿ ಟಿ ಗೆರೆ (ಸೋಂಕಿನ ಸೂಚನೆ ತೋರಿಸುವ ಗೆರೆ) ತೀರಾ ಮಸುಕಾಗಿದ್ದರೆ?

ಆಪ್ತಸಮಾಲೋಚಕಿ: ಮಸುಕಾದರೂ ಗೆರೆ ಗೆರೆಯೇ, ರಿಯಾಕ್ಟಿವ್ (ಸೋಂಕಿರಬಹುದು, ಖಚಿತಪಡಿಸಬೇಕು) ಅಂತಲೇ ತಗೊಳ್ಳಿ. ಆದರೆ 'ಎಚ್‌ಐವಿ ಇದೆ' ಅನ್ನಬೇಡಿ. ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಎಚ್‌ಐವಿ ಸಮಾಲೋಚನೆ-ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಪರೀಕ್ಷೆ ಆದಮೇಲೇ ಆ ಮಾತು. ಕಿಟ್ ಸರಿಯಿದೆ ಅಂತ ತೋರಿಸುವ ಸಿ ಗೆರೆಯೇ ಮೂಡದಿದ್ದರೆ ಕಿಟ್ ಕೆಟ್ಟಿದೆ, ಹೊಸದು ಕೊಡಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆ ಎರಡರಲ್ಲೂ ಐಸಿಟಿಸಿ ಇದೆ, ದುಡ್ಡಿಲ್ಲ. ಕಿಟ್ ಡಬ್ಬಿ ಮೇಲೆ ಎಚ್‌ಐವಿ ಸಹಾಯವಾಣಿ ನಂಬರ್ 1097 ಅಂತ ದಪ್ಪಕ್ಷರದಲ್ಲಿ ಬರೆದು ಕಳಿಸಿ, ಟೋಲ್ ಫ್ರೀ. ಎದುರಿಗೆ ಕೇಳಲು ನಾಚುವವನು ಫೋನಲ್ಲಿ ಕೇಳ್ತಾನೆ.