ಮದ್ಯಪಾನ ತಡೆಗೆ ಸಹಪಾಠಿಗಳ ಆಪ್ತಸಮಾಲೋಚನೆ: ಯಾರನ್ನು ಆರಿಸಬೇಕು?

ಪ್ರಶ್ನೆ (ಅಧ್ಯಾಪಕಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪ)
ನಮ್ಮ ಶಾಲೆಯ ಕನ್ನಡ ವಿಭಾಗದ ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ಸಹಪಾಠಿಗಳ ಮೂಲಕವೇ ಆಪ್ತಸಮಾಲೋಚನೆ ನಡೆಸಬೇಕೆಂದಿದ್ದೇವೆ. ಕಳೆದ ತಿಂಗಳು ಮೈದಾನದ ಅಂಚಿನ ಗೇರುಮರದ ಬುಡದಲ್ಲಿ, ಗಡಿಯಾಚೆ ಕರ್ನಾಟಕದಿಂದ ಬರುವ 180 ಮಿಲಿಲೀಟರಿನ ಮದ್ಯದ ಪ್ಯಾಕೆಟೊಂದು ಸ್ಟ್ರಾ ಚುಚ್ಚಿದ ಹಾಗೆಯೇ ಸಿಕ್ಕಿತು; ಅದು ಯಾರದೆಂದು ಮಕ್ಕಳಿಗೆ ಗೊತ್ತಿದ್ದರೂ ನಮ್ಮ ಮುಂದೆ ಒಬ್ಬರೂ ಬಾಯಿಬಿಡಲಿಲ್ಲ. ತರಗತಿಯ ಲೀಡರುಗಳಿಗೇ ತರಬೇತಿ ಕೊಡಿಸಬೇಕೆಂಬುದು ಪಿಟಿಎಯ (ಹೆತ್ತವರ ಮತ್ತು ಅಧ್ಯಾಪಕರ ಸಂಘದ) ಅಭಿಪ್ರಾಯ. ಆದರೆ ಅವರು ಹತ್ತಿರ ಬಂದರೆ ಉಳಿದವರು ಮಾತು ನಿಲ್ಲಿಸುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಾಲಾ ಕೌನ್ಸೆಲರ್, ಮಂಜೇಶ್ವರ)
ಆಯ್ಕೆಯನ್ನು ಮಕ್ಕಳಿಗೇ ಬಿಡಿ, ಟೀಚರ್. ಇಂಗ್ಲೆಂಡ್ ಮತ್ತು ವೇಲ್ಸ್‌ನ 59 ಶಾಲೆಗಳಲ್ಲಿ ಧೂಮಪಾನದ ಕುರಿತು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮ್ಮೊಳಗೆ ಯಾರ ಮಾತಿಗೆ ಬೆಲೆಯಿದೆಯೆಂದು ವಿದ್ಯಾರ್ಥಿಗಳೇ ಸೂಚಿಸಿದವರಿಗೆ ತರಬೇತಿ ಕೊಟ್ಟು, ಭಾಷಣ ಮಾಡಿಸದೆ, ದಿನನಿತ್ಯದ ಮಾತುಕತೆಯ ನಡುವೆಯೇ ವಿಷಯವೆತ್ತಲು ಹತ್ತು ವಾರಗಳ ಕಾಲ ಬಿಡಲಾಗಿತ್ತು. ಹೀಗೆ ತರಬೇತಿ ನಡೆದ ಶಾಲೆಗಳಲ್ಲಿ ಧೂಮಪಾನ ಉಳಿದ ಶಾಲೆಗಳಿಗಿಂತ ಕಡಿಮೆಯಿತ್ತು. ಮದ್ಯದ ವಿಷಯದಲ್ಲೂ ಅಷ್ಟೇ ಫಲ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ, ಆದರೂ ಆಯ್ಕೆಯ ಆ ಕ್ರಮ ಅನುಸರಿಸಲು ಯೋಗ್ಯವಾದುದು. ಈಗಾಗಲೇ ಕುಡಿಯುತ್ತಿರುವ ಹುಡುಗರನ್ನು ಮಾತ್ರ ಒಂದೇ ಗುಂಪಾಗಿ ಕೂರಿಸಬೇಡಿ: ಒಬ್ಬನ ಪ್ರತಾಪಕ್ಕೆ ಇನ್ನೊಬ್ಬ ನಕ್ಕು, ಬಿಡಿಸಬೇಕಾದ ಚಟ ಅಲ್ಲಿಯೇ ಬಲಿಯುತ್ತದೆ.

ಉತ್ತರ (ನಿವೃತ್ತ ಮುಖ್ಯೋಪಾಧ್ಯಾಯ, ಕುಂಬಳೆ)
ಮೇಲಿನ ಮಾತಿಗೆ ನನ್ನ ಸಹಮತವಿದೆ. ಆದರೆ ಏನೇ ಆದರೂ ಗುಟ್ಟು ಕಾಪಾಡುತ್ತೇನೆಂದು ಆ ಮಕ್ಕಳಿಂದ ಮಾತು ಕೊಡಿಸಬೇಡಿ. ಗೆಳೆಯ ದಿನವೂ ಕುಡಿಯುತ್ತಿದ್ದರೆ, ಸಾಯುವ ಮಾತಾಡಿದರೆ ಅಥವಾ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ ಅದು ದೊಡ್ಡವರಿಗೆ ತಿಳಿಯಲೇಬೇಕು. ಕೇರಳ ಅಬಕಾರಿ ಇಲಾಖೆಯ ವ್ಯಸನಮುಕ್ತಿ ಯೋಜನೆಯಾದ ವಿಮುಕ್ತಿಯ ಸಹಾಯವಾಣಿ 14405 ಮತ್ತು ಮಕ್ಕಳ ಸಹಾಯವಾಣಿ 1098 ಅವರ ಪುಸ್ತಕದ ಹಿಂಬದಿಯಲ್ಲಿರಲಿ. ಪ್ಯಾಕೆಟ್ ತಂದುಕೊಟ್ಟವರ ಪತ್ತೆಗೆ ಮಾತ್ರ ಮಕ್ಕಳನ್ನು ಹಚ್ಚಬೇಡಿ. ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಸೆಕ್ಷನ್ ಪ್ರಕಾರ ಏಳು ವರ್ಷಗಳವರೆಗೆ ಸೆರೆವಾಸವಿದ್ದು, ಅದು ಪೊಲೀಸರ ಕೆಲಸ. ಒಮ್ಮೆ ಮಕ್ಕಳಿಗೆ ಬೇಹುಗಾರರೆಂಬ ಹೆಸರು ಬಂದರೆ ಮತ್ತೆ ಯಾರೂ ಅವರ ಬಳಿ ಸುಳಿಯುವುದಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಒಂಬತ್ತನೆಯ ತರಗತಿಯಲ್ಲಿ ಮೂರು ಮೂರು ಹೆಸರುಗಳನ್ನು ಚೀಟಿಯಲ್ಲಿ ಬರೆಸಿದೆವು. ಹೆಚ್ಚು ಚೀಟಿಗಳಲ್ಲಿದ್ದದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದರೆ ನಿಂತವರ ಬ್ಯಾಗುಗಳನ್ನೆಲ್ಲ ಮಡಿಲಲ್ಲಿ ಇಟ್ಟುಕೊಳ್ಳುವ, ಕೊನೆಯ ಬೆಂಚಿನ ಒಬ್ಬ ಹುಡುಗಿಯ ಹೆಸರು. ಲೀಡರಿಗೆ ಬಂದದ್ದು ಒಂದೇ ಮತ. ಅದೂ ಅವನದೇ ಅಕ್ಷರವೆಂದು ತೋರುತ್ತದೆ.