ಊರು ಗೆದ್ದ ಮಾರನೇ ದಿನ ಕಚೇರಿ ಬಾಗಿಲು ತೆಗೆಯೋರು ಯಾರು?

ಹಳೇನಕ್ಷೆ:
ಎರಡನೇ ಮಹಾಯುದ್ಧದ ಬಗ್ಗೆ ಓದ್ತಾ ಇದೀನಿ, ಎಲ್ಲಿ ನೋಡಿದ್ರೂ ಟ್ಯಾಂಕು, ಡಿವಿಷನ್ನು, ಯಾವ ಜನರಲ್ಲು ಯಾವ ಕಡೆಯಿಂದ ನುಗ್ಗಿದ ಅನ್ನೋದೇ. ನನ್ನ ತಲೆ ತಿಂತಿರೋದು ಅದರ ಮಾರನೇ ದಿನ. 1943ರಲ್ಲಿ ಮಿತ್ರಪಡೆ ಇಳಿದ ಇಟಲಿಯ ಸಿಸಿಲಿ ದ್ವೀಪ ತಗೊಳ್ಳಿ, ಯಾವುದೋ ಒಂದು ಊರು, ಫ್ಯಾಸಿಸ್ಟ್ ಮೇಯರ್ ಪರಾರಿ, ನಲ್ಲೀಲಿ ನೀರಿಲ್ಲ, ಬ್ಯಾಂಕಿಗೆ ಬೀಗ. ಬೆಳಗಾದ್ರೆ ಜನಕ್ಕೆ ಬ್ರೆಡ್ ಎಲ್ಲಿಂದ ಬರುತ್ತೆ, ಹೆಣ ಹೂಳೋರು ಯಾರು, ಕಸ ಹೊಡೆಯೋನಿಗೆ ಸಂಬಳ ಯಾರು ಕೊಡ್ತಾರೆ, ಅದೂ ಯಾವ ದುಡ್ಡಲ್ಲಿ? ಇದನ್ನೆಲ್ಲ ಮೊದಲೇ ಕೂತು ಪ್ಲಾನ್ ಮಾಡಿದ್ರಾ, ಇಲ್ಲಾ ಹೋದ್ಮೇಲೆ ನೋಡ್ಕೊಂಡ್ರಾಯ್ತು ಅಂತ ಹೋಗಿದ್ದಾ? ಗೊತ್ತಿರೋರು ಹೇಳಿ.

ರಾತ್ರಿಪಾಳಿ:
ಪ್ಲಾನ್ ಏನು, ಅದಕ್ಕೆ ಸ್ಕೂಲೇ ತೆಗೆದಿದ್ರು ಸರ್. 1942 ಮೇ ತಿಂಗಳಲ್ಲಿ ಅಮೆರಿಕನ್ ಸೇನೆ ವರ್ಜೀನಿಯಾ ಯೂನಿವರ್ಸಿಟೀಲಿ, ಷಾರ್ಲಟ್ಸ್‌ವಿಲ್ ಊರಲ್ಲಿ, ಸ್ಕೂಲ್ ಆಫ್ ಮಿಲಿಟರಿ ಗವರ್ನಮೆಂಟ್ ಅಂತ ಶುರು ಮಾಡ್ತು. ಆವಾಗಿನ್ನೂ ಯುರೋಪಿನ ನೆಲದ ಮೇಲೆ ಒಂದು ಹಳ್ಳೀನೂ ಅವರು ಗೆದ್ದಿರಲಿಲ್ಲ ಅನ್ನೋದು ನೆನಪಿರಲಿ. ವಾಷಿಂಗ್ಟನ್‌ನಲ್ಲಿ ಇದಕ್ಕೆ ಭಾರಿ ತಕರಾರು, ಆಡಳಿತ ನಡೆಸೋದು ಸಿವಿಲಿಯನ್ನರ ಕೆಲಸ, ಮಿಲಿಟರಿಯೋರಿಗೆ ಯಾಕೆ ಬೇಕು ಅಂತ, ಸ್ವತಃ ರೂಸ್‌ವೆಲ್ಟ್‌ಗೂ ಅದೇ ಮನಸ್ಸು. ಆದ್ರೆ ಆ ವರ್ಷದ ಕೊನೇಲಿ ಉತ್ತರ ಆಫ್ರಿಕಾಕ್ಕೆ ಹೋದಾಗ ಬೇರೆ ಬೇರೆ ಇಲಾಖೆಗಳು ಒಂದರ ಕಾಲನ್ನ ಇನ್ನೊಂದು ತುಳಿದು ಗೊಂದಲ ಆದ್ಮೇಲೆ, 1943 ಮಾರ್ಚಲ್ಲಿ ವಾರ್ ಡಿಪಾರ್ಟ್‌ಮೆಂಟ್ ಒಳಗೇ ಸಿವಿಲ್ ಅಫೇರ್ಸ್ ಡಿವಿಷನ್, ಅಂದ್ರೆ ಗೆದ್ದ ಊರುಗಳ ಆಡಳಿತ ನೋಡ್ಕೊಳ್ಳೋ ವಿಭಾಗ, ಆಯ್ತು. ಇನ್ನೇನ್ ಮಾಡ್ತಾರೆ, ಹಡಗಲ್ಲಿ ಜಾಗ ಸೈನ್ಯದ ಕೈಲಿ, ಲಾರಿ ಸೈನ್ಯದ ಕೈಲಿ, ಗೋಧಿ ಇಳಿಯೋ ಬಂದರೂ ಅವರ ಕೈಲೇ.

ಇದು ದಯೆ ದಾಕ್ಷಿಣ್ಯ ಅಂದ್ಕೋಬೇಡಿ. ಹಸಿದ ಜನ ಗಂಟುಮೂಟೆ ಕಟ್ಕೊಂಡು ರಸ್ತೆಗೆ ಬಂದ್ರೆ ಮದ್ದುಗುಂಡಿನ ಲಾರಿ ಮುಂದೆ ಹೋಗಲ್ಲ, ಊರಲ್ಲಿ ಜ್ವರ ಹಬ್ಬಿದ್ರೆ ಸೈನಿಕರಿಗೂ ಹತ್ಕೊಳ್ಳುತ್ತೆ. ನೇಪಲ್ಸ್‌ನಲ್ಲಿ 1943-44ರ ಚಳಿಗಾಲದಲ್ಲಿ ಹೇನಿಂದ ಹರಡೋ ಟೈಫಸ್ ಜ್ವರ ಬಂದಾಗ ಜನರನ್ನ ಸಾಲಾಗಿ ನಿಲ್ಲಿಸಿ ಅಂಗಿ ತೋಳೊಳಗೆ, ಕಾಲರ್ ಒಳಗೆ ಪಂಪ್ ಇಟ್ಟು ಡಿಡಿಟಿ ಪುಡಿ ಹೊಡೆದ್ರಲ್ಲ, ಅದೂ ಇದೇ ಲೆಕ್ಕಾಚಾರ. ಜೊತೆಗೆ ಕಾನೂನೂ ಇತ್ತು, 1907ರ ಹೇಗ್ ನಿಯಮಗಳ 43ನೇ ವಿಧಿ ಪ್ರಕಾರ ಆಕ್ರಮಿಸಿದವನೇ ಶಾಂತಿ ಸುವ್ಯವಸ್ಥೆ ನೋಡ್ಕೋಬೇಕು, ತೀರಾ ಆಗದೇ ಇದ್ರೆ ಬಿಟ್ಟು ಅಲ್ಲಿನ ಕಾನೂನನ್ನೇ ಮುಂದುವರಿಸಬೇಕು.

ಸಿಸಿಲೀಲಿ ನಡೆದಿದ್ದಕ್ಕೆ ಆಮ್ಗಾಟ್ ಅಂತ ಹೆಸರು, ಅಂದ್ರೆ ಆಕ್ರಮಿಸಿದ ಪ್ರದೇಶಕ್ಕೆ ಮಿತ್ರಪಡೆಯ ಮಿಲಿಟರಿ ಸರ್ಕಾರ, ಮುಖ್ಯಸ್ಥ ಬ್ರಿಟಿಷರ ಲಾರ್ಡ್ ರೆನೆಲ್. 1943 ಜುಲೈ 10ಕ್ಕೆ ಸೈನ್ಯ ಇಳೀತು, ಹಿಂದೇನೇ ಬ್ರಿಟಿಷ್ ಜನರಲ್ ಅಲೆಕ್ಸಾಂಡರ್ ಸಹಿ ಇರೋ ಘೋಷಣೆಗಳನ್ನ ಗೋಡೆ ಗೋಡೆಗೆ ಅಂಟಿಸಿದ್ರು. ಕಾಗದದ ಮೇಲೆ ಎಲ್ಲಾ ಚೆಂದ. ಆದ್ರೆ ಆ ಆಫೀಸರ್‌ಗಳಿಗೆ ಓಡಾಡೋಕೆ ಗಾಡಿ ಸಾಲದು, ರೈತರು ಗೋಧಿನ ಸರ್ಕಾರಿ ಉಗ್ರಾಣಕ್ಕೆ ಹಾಕೋ ಬದಲು ಕಾಳಸಂತೆಗೆ ಬಿಟ್ರು, ಮೇಯರ್ ಸೀಟಿಗೆ ಫ್ಯಾಸಿಸ್ಟ್ ಅಲ್ಲದೋರು ಬೇಕು ಅಂತ ಹುಡುಕಿದ್ರೆ ಕೆಲವು ಕಡೆ ಎದೆ ತಟ್ಕೊಂಡು ಮುಂದೆ ಬಂದಿದ್ದು ಮಾಫಿಯಾದೋರು. ವಿಲ್ಲಾಲ್ಬಾ ಊರಿಗೆ ಮೇಯರ್ ಆದ ಕಾಲೋಜೆರೊ ವಿಜ್ಜಿನಿ ಅಂಥವನೇ. ಮುಸೊಲಿನಿ ಕಾಲದಲ್ಲಿ ಏಟು ತಿಂದೋರು ಅನ್ನೋದೇ ಅವರಿಗೆ ಸರ್ಟಿಫಿಕೇಟ್ ಆಗೋಯ್ತು ನೋಡಿ.

ಚಿಲ್ಲರೆಕಾಸು:
ದುಡ್ಡಿನ ಪ್ರಶ್ನೆಗೆ ನಾನು ಹೇಳ್ತೀನಿ. ನೋಟೂ ಮೊದಲೇ ಪ್ರಿಂಟ್ ಆಗಿತ್ತು, ಎಎಂ ಲೀರಾ ಅಂತ, ಎಎಂ ಅಂದ್ರೆ ಅಲೈಡ್ ಮಿಲಿಟರಿ, ಮಿತ್ರಪಡೆಯ ನೋಟು. ಡಾಲರಿಗೆ 100 ಲೀರಾ ಅಂತ ರೇಟ್ ಕಟ್ಟಿದ್ರು, ಯುದ್ಧಕ್ಕೆ ಮುಂಚೆ ಸುಮಾರು 20 ಇತ್ತು. ಅಂದ್ರೆ ಸೈನಿಕನ ಜೇಬಲ್ಲಿ ರಾಜನ ಸಂಪತ್ತು, ಅಂಗಡಿಗೆ ಹೋದ ಅಲ್ಲಿಯವರ ಕೈಲಿ ಬರೀ ಕಾಗದ. ಬೆಲೆ ಏರಿಕೆಗೆ ಇದೊಂದೇ ಕಾರಣ ಅಲ್ಲ, ಆದ್ರೂ ರೇಟ್ ಕಟ್ಟಿದೋರು ಮಾರ್ಕೆಟ್ ಕಡೆ ತಲೆ ಹಾಕಿದ ಹಾಗೆ ಕಾಣಲ್ಲ. ಜರ್ಮನಿಗೆ ಮಾಡಿದ ಎಎಂ ಮಾರ್ಕ್ ಕಥೆ ಇನ್ನೂ ಘೋರ, ಅಚ್ಚಿನ ಪ್ಲೇಟ್‌ಗಳ ಒಂದು ಸೆಟ್ಟನ್ನ 1944ರಲ್ಲಿ ರಷ್ಯನ್ನರಿಗೂ ಕೊಟ್ರು, ಅವರು ಲಂಗುಲಗಾಮಿಲ್ಲದೆ ಹೊಡೆದ್ರು.

ಗುಡ್ಡದಾಚೆ:
ಫ್ರಾನ್ಸ್ ಕಥಿ ಬಿಟ್ರಲ್ರೀ. ಅಲ್ಲಿಗೂ ನೋಟು ಅಮೆರಿಕಾದಾಗ ಅಚ್ಚಾಗಿ ಬಂದಿದ್ವು, ಹಿಂದ ಫ್ರೆಂಚ್ ಧ್ವಜ, ಆದ್ರ ರಿಪಬ್ಲಿಕ್ ಅನ್ನೋ ಶಬ್ದನ ಇಲ್ಲ. ಸ್ವತಂತ್ರ ಫ್ರೆಂಚರ ನಾಯಕ ಡಿ ಗಾಲ್ ಅದನ್ನ ಖೋಟಾ ನೋಟು ಅಂದುಬಿಟ್ಟ. 1944 ಜೂನ್ 14ಕ್ಕ ನಾರ್ಮಂಡಿಗೆ ಬಂದಿಳದು, ಬಾಯೋ ಪಟ್ಟಣದಾಗ ಭಾಷಣ ಮಾಡಿ, ಹೋಗೋ ಮುಂದ ಫ್ರಾಂಸ್ವಾ ಕೂಲೆ ಅನ್ನೋ ತನ್ನ ಮನಷ್ಯಾನ್ನ ಅಲ್ಲೇ ಕಮಿಷನರ್ ಅಂತ ಕೂಡಿಸಿ ಹೋದ. ಅಲ್ಲಿದ್ದ ಮಿತ್ರಪಡೆ ಆಫೀಸರ್‌ಗಳಿಗೂ ಇದ ಸಲೀಸು ಅನಿಸ್ತು, ಕೆಲಸ ನಡದ್ರ ಸಾಕಾಗಿತ್ತು ಅವ್ರಿಗೆ. ವಾಷಿಂಗ್ಟನ್ ಅವನ ಸರ್ಕಾರನ ಒಪ್ಪಿದ್ದು ಅಕ್ಟೋಬರ್ 23ಕ್ಕ, ಅಷ್ಟೊತ್ತಿಗೆ ಅದು ಪ್ಯಾರಿಸ್‌ದಾಗ ಆರಾಮ ಕುಂತಿತ್ತು.

ಹಳೇನಕ್ಷೆ:
ಎಲ್ರಿಗೂ ಥ್ಯಾಂಕ್ಸ್, ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಒಂದು ಡೌಟು. ಸಿಸಿಲೀಲಿ ಮಾಫಿಯಾ ಬಂತು ಸರಿ, ಜರ್ಮನೀಲಿ ಏನ್ ಮಾಡಿದ್ರು? ಅಲ್ಲಿ ಗುಮಾಸ್ತನಿಂದ ಹಿಡಿದು ವಾಟರ್ ವರ್ಕ್ಸ್ ಇಂಜಿನಿಯರ್ ತನಕ ಎಷ್ಟೋ ಜನ ನಾಜಿ ಪಾರ್ಟಿ ಮೆಂಬರ್ರೇ ಅಲ್ವಾ? ಎಲ್ಲರನ್ನೂ ತೆಗೆದ್ರೆ ವಾಲ್ವ್ ತಿರುಗಿಸೋರು ಯಾರು?

ರಾತ್ರಿಪಾಳಿ:
ಅದೇ ಗಂಟು ಸರ್ ಇಡೀ ವಿಷಯದಲ್ಲಿ. ಆಫೀಸಲ್ಲಿ ಕೆಲಸ ಮಾಡಿದ ಯಾರಿಗಾದ್ರೂ ಗೊತ್ತಿರುತ್ತೆ, ಯಾವ ಫೈಲ್ ಯಾವ ಬೀರೂಲಿದೆ ಅಂತ ತಿಳಿದಿರೋ ಒಬ್ಬ ರಜಾ ಹಾಕಿದ್ರೆ ಏನಾಗುತ್ತೆ ಅಂತ. ಆಖೆನ್ ನೋಡಿ, ಮಿತ್ರಪಡೆ ಕೈಗೆ ಬಂದ ಮೊದಲ ದೊಡ್ಡ ಜರ್ಮನ್ ಊರು, 1944 ಅಕ್ಟೋಬರ್ 21. ಫ್ರಾಂಜ್ ಒಪ್ಪೆನ್‌ಹಾಫ್ ಅನ್ನೋ ವಕೀಲನ್ನ ಮೇಯರ್ ಮಾಡಿದ್ರು, ಆತ ನಾಜಿ ಅಲ್ಲ, ಆದ್ರೆ ಆಡಳಿತಕ್ಕೆ ಹಳೇ ಪಾರ್ಟಿ ಮೆಂಬರ್‌ಗಳನ್ನೂ ಸೇರಿಸ್ಕೊಂಡ ಅಂತ ಅಮೆರಿಕನ್ನರ ಒಳಗೇ ಜಗಳ ಎದ್ದಿತು. ಆ ಜಗಳ ಒಂದು ಕಡೆ ಇರಲಿ, 1945 ಮಾರ್ಚ್ 25ರ ರಾತ್ರಿ ನಾಜಿಗಳು ಕಳಿಸಿದ ತಂಡ ಮನೆ ಹತ್ರ ಬಂತು, ವಿಮಾನ ಬಿದ್ದು ಸಿಕ್ಕಾಕೊಂಡ ಜರ್ಮನ್ ಪೈಲಟ್‌ಗಳು ನಾವು ಅಂತ ನಾಟಕ ಆಡಿ ಮನೆ ಬಾಗಿಲಲ್ಲೇ ಗುಂಡು ಹೊಡೆದು ಹೋದ್ರು. ಯಾವ ಪ್ಲಾನಲ್ಲೂ ಮೇಯರ್ ಆಗೋಕೆ ಒಪ್ಪಿದೋನ ಜೀವಕ್ಕೆ ಯಾರು ಹೊಣೆ ಅನ್ನೋ ಕಾಲಂ ಇದ್ದಂಗಿಲ್ಲ.

ಯುದ್ಧ ಮುಗಿದ್ಮೇಲೆ 131 ಪ್ರಶ್ನೆಗಳ ಫಾರ್ಮ್ ತುಂಬಿಸಿದ್ರು, ಯಾವ ಸಂಘದ ಸದಸ್ಯ, ಯಾವಾಗಿಂದ, ಯಾವ ಹುದ್ದೆ, ಎಲ್ಲ. ಉತ್ತರ ನೋಡಿ ಕೆಲಸದಿಂದ ತೆಗೀತಿದ್ರು, ಆಮೇಲೆ ಎಷ್ಟೋ ಜನ ವಾಪಸ್ ಬಂದ್ರು. ನನಗನಿಸೋದು, ತೆಗೀಬೇಕು ಅನ್ನೋದು ಸರಿ, ಯಾರನ್ನ ಅಂತ ಕಾಗದ ನೋಡಿ ತೀರ್ಮಾನ ಮಾಡಿದ್ದು ತಪ್ಪು.

ಉಪ್ಪುಗಾಳಿ:
ಜಪಾನಿಂದು ಇದಕ್ಕೆ ಪೂರ್ತಿ ಉಲ್ಟಾ ಉಂಟು ಮಾರಾಯ್ರೆ. 1945 ಸೆಪ್ಟೆಂಬರ್ 2ಕ್ಕೆ ಶರಣಾಗತಿಗೆ ಸಹಿ ಆಯ್ತು, ಅದೇ ದಿನ ಸಂಜೆ ಜಪಾನಿಯವರಿಗೆ ಗೊತ್ತಾಯ್ತು, ಮರುದಿನ ಮೂರು ಘೋಷಣೆ ಬರ್ತದೆ ಅಂತ, ನೇರ ಮಿಲಿಟರಿ ಆಡಳಿತ, ಮಿಲಿಟರಿ ಕೋರ್ಟು, ಮತ್ತೆ ಸೈನ್ಯದ್ದೇ ಯೆನ್ ನೋಟು. ವಿದೇಶಾಂಗ ಮಂತ್ರಿ ಷಿಗೆಮಿತ್ಸು 3ನೇ ತಾರೀಕು ಯೊಕೊಹಾಮಾಕ್ಕೆ ಹೋಗಿ ಮಿತ್ರಪಡೆಯ ಮುಖ್ಯಸ್ಥ ಅಮೆರಿಕನ್ ಜನರಲ್ ಮೆಕಾರ್ಥರ್ ಎದುರು ಕೂತು, ನಮ್ಮ ಸರ್ಕಾರವನ್ನೇ ಇಟ್ಟುಕೊಂಡು ಅದರ ಮೂಲಕ ಕೆಲಸ ಮಾಡಿಸಿ ಅಂತ ವಾದ ಮಾಡಿದ್ರು. ಮೆಕಾರ್ಥರ್ ಒಪ್ಪಿದ್ರು, ಘೋಷಣೆ ಹಿಂದೆ ಹೋಯ್ತು, ಗುಮಾಸ್ತರು ಅವರವರ ಕುರ್ಚಿಯಲ್ಲೇ ಉಳಿದ್ರು.

ಜಪಾನಿನ ದಕ್ಷಿಣದ ದ್ವೀಪ ಒಕಿನಾವಾಕ್ಕೆ ಮಾತ್ರ ಆ ಭಾಗ್ಯ ಇರ್ಲಿಲ್ಲ. ಅಲ್ಲಿ ನೇರ ಮಿಲಿಟರಿ ಆಡಳಿತವೇ, ಮತ್ತೆ ಆ ಸೈನ್ಯದ ಬಿ ಯೆನ್ ನೋಟು 1958ರವರೆಗೂ ಕೈಯಿಂದ ಕೈಗೆ ಓಡಾಡ್ತಾ ಇತ್ತು.