ಅಪ್‌ಡೇಟ್: ನಾಲ್ಕನೇ ತರಗತಿಯ ಮಕ್ಕಳ ಬರವಣಿಗೆ ಮತ್ತು ಕಥೆಪುಸ್ತಕಗಳು

ಗದಗ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ನಲಿ-ಕಲಿ (ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆ ಆಧಾರಿತ ಕಲಿಕೆ) ಮುಗಿಸಿ ನಾಲ್ಕನೇ ತರಗತಿಗೆ ಬಂದರೂ ಸ್ವಂತವಾಗಿ ಎರಡು ವಾಕ್ಯ ಬರೆಯಲಾಗದ ಮಕ್ಕಳಿಗೆ ಏನು ಮಾಡಬಹುದೆಂದು ಜೂನ್‌ನಲ್ಲಿ ಕೇಳಿದ್ದೆ. ಕಾಪಿ ಬರೆಸುವುದನ್ನು ಕಡಿಮೆ ಮಾಡಿ ಚಿತ್ರಪುಸ್ತಕಗಳಿಂದ ಆರಂಭಿಸಿರೆಂದು ಹಲವರು ಸೂಚಿಸಿದ್ದಿರಿ; ಅದರಂತೆ ಮಾಡಿದ್ದರ ವಿವರ ಇಲ್ಲಿದೆ.

ಪುಸ್ತಕಗಳ ಖರ್ಚು ತೊಡಕಾಗಲಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ದೊರೆಯುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿಯಿದೆ. ತರಗತಿ ನಾಲ್ಕಾದರೂ ಮೊದಲ ಮಟ್ಟದವನ್ನೇ ಆರಿಸಿದೆ, ಏಕೆಂದರೆ ಓದುವುದರಲ್ಲೇ ದಣಿದ ಮಗುವಿಗೆ ಬರೆಯಲು ಶಕ್ತಿ ಉಳಿಯುವುದಿಲ್ಲ.

ಹೆಚ್ಚು ಫಲ ಕೊಟ್ಟದ್ದು ಒಂದೇ ಸಾಲು ಪುಟಪುಟಕ್ಕೂ ಮರಳಿ ಬರುವ ಕಥೆಗಳು. ಆ ಸಾಲಿನ ಚೌಕಟ್ಟನ್ನು ಹಾಗೆಯೇ ಇಟ್ಟು ಹೆಸರು, ಸ್ಥಳ, ಕ್ರಿಯೆಗಳನ್ನು ಮಾತ್ರ ಬದಲಿಸಲು ಹೇಳಿದಾಗ, ಆನೆಯ ಜಾಗಕ್ಕೆ ಮನೆಯ ಎಮ್ಮೆ ಬಂದಿತು, ಕಾಡಿನ ಜಾಗಕ್ಕೆ ಶೇಂಗಾ ಹೊಲವೂ ಭೀಷ್ಮ ಕೆರೆಯೂ ಬಂದವು. ಬರಹವಿಲ್ಲದ ಚಿತ್ರಪುಸ್ತಕಗಳನ್ನು ನೋಡಿ ಮಕ್ಕಳು ಬಾಯಿಂದ ಹೇಳಿದ್ದನ್ನು ಅವರ ಮಾತಿನಲ್ಲೇ, ‘ಹೋಗ್ಯಾನ’, ‘ಬಂದಾಳ’ ಎಂದೇ, ಬೋರ್ಡಿನ ಮೇಲೆ ಬರೆದು, ಗ್ರಂಥಸ್ಥ ರೂಪವನ್ನು ನಂತರ ಪಕ್ಕದಲ್ಲಿ ತೋರಿಸಿದೆ. ಈ ಕ್ರಮಕ್ಕೆ ಸಹೋದ್ಯೋಗಿಯೊಬ್ಬರ ಆಕ್ಷೇಪ ಇನ್ನೂ ಇದೆ. ಆದರೆ ಸುಮ್ಮನೆ ಕುಳಿತಿರುತ್ತಿದ್ದವರು ಪೆನ್ಸಿಲ್ ಹಿಡಿಯತೊಡಗಿದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಒತ್ತಕ್ಷರಗಳ ತಪ್ಪು ಉಳಿದಿದೆ. ಅವುಗಳನ್ನು ಮೊದಲ ಕರಡಿನಲ್ಲಿ ತಿದ್ದದೆ, ಹಾಳೆಗಳನ್ನು ಪುಸ್ತಕವಾಗಿ ಹೊಲಿಯುವ ಮುನ್ನ ಮೂಲ ಕಥೆಯ ಪದಗಳೊಡನೆ ಹೋಲಿಸಿ ಮಕ್ಕಳೇ ತಿದ್ದಿಕೊಳ್ಳಲು ಬಿಡುತ್ತೇನೆ. ಇಬ್ಬರಿಗೆ ಮಾತ್ರ ಅಕ್ಷರ ಗುರುತಿಸುವುದೇ ಕಷ್ಟವಾಗುತ್ತಿರುವುದರಿಂದ, ಕಣ್ಣಿನ ಪರೀಕ್ಷೆಯಿಂದ ಆರಂಭಿಸುವಂತೆ ಪಾಲಕರಿಗೆ ತಿಳಿಸಿದ್ದೇನೆ.